ಎಕ್ಸ್‌ಕ್ಯೂ7ವೈ ಸಿಂಧು, ರಾರಾವಿ ಅಸಿಂಧು: ಇದು ಯಾರು ಬರೆದ ಕಾನೂನು?

ರಾರಾವಿಯಿಂದ ದಿನಾ ಬಸ್ಸು ಹತ್ತಿ ಕಂಪ್ಯೂಟರ್ ಕಲಿಯಲು ಹೋಗುವ ಹುಡುಗಿಯೊಬ್ಬಳು ಹೋದ ತಿಂಗಳು ನಮಗೊಂದು ಫೋಟೋ ಕಳಿಸಿದಳು. ಅವಳ ಲ್ಯಾಬ್ ರೆಕಾರ್ಡ್ ಪುಸ್ತಕದ ಒಂದು ಪುಟ. ಕೊಟ್ಟಿದ್ದ ಕೆಲಸ ಇಷ್ಟು: ಪೈಥಾನ್ ಭಾಷೆಯಲ್ಲಿ ಸಿಂಧುವಾಗುವ ಹತ್ತು ವೇರಿಯಬಲ್ ಹೆಸರುಗಳನ್ನು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಹುಟ್ಟಿಸಬೇಕು, ಅಂಥ ಪ್ರೋಗ್ರಾಂ ಬರೆಯಿರಿ. ಅವಳು ಬರೆದಿದ್ದಳು. ಹತ್ತೂ ಹೆಸರು ಬಂದಿದ್ದವು. ಎಲ್ಲವೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದನ್ನು ಬಾಯಿಬಿಟ್ಟು ಓದಿದರೆ ‘ಎಕ್ಸ್‌ಕ್ಯೂ7ವೈ’ ಅಂತಾಗುತ್ತದೆ. ಹತ್ತಕ್ಕೂ ಸರಿ ಗುರುತು ಬಿದ್ದಿತ್ತು.

ಅದರ ಕೆಳಗೆ ಅವಳು ತಾನಾಗಿಯೇ ಹನ್ನೊಂದನೇ ಹೆಸರು ಬರೆದಿದ್ದಳು, ಕನ್ನಡದಲ್ಲಿ: ರಾರಾವಿ. ಅದರ ಮೇಲೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ, ‘ಇನ್‌ವ್ಯಾಲಿಡ್. ಇಂಗ್ಲಿಷ್ ಅಕ್ಷರ ಮಾತ್ರ.’

ಫೋಟೋ ಜತೆ ಒಂದೇ ಸಾಲಿನ ಮೆಸೇಜು: “ಅಣ್ಣಾ, ನಮ್ಮೂರ ಹೆಸರು ಖರೇನ ಇನ್‌ವ್ಯಾಲಿಡ್ ಐತೇನು?”

ನಾವು ಪತ್ರಿಕೋದ್ಯಮ ಓದಿದವರು. ಕಂಪ್ಯೂಟರ್ ವಿಷಯ ನಮಗೂ ಕಷ್ಟವೇ. ಆದರೆ ಕೇಳಿದ್ದನ್ನು ಪರೀಕ್ಷೆ ಮಾಡದೆ ಬರೆಯಬಾರದು ಅಂತ ನಮಗೆ ಕಲಿಸಿದ್ದಾರೆ. ಮೊಬೈಲಿನಲ್ಲೇ ಪೈಥಾನ್ ಹಾಕಿಕೊಂಡು ನೋಡಿದೆವು. ಒಂದು ಪದ ಹೆಸರಾಗಬಲ್ಲದೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಆ ಭಾಷೆಯೊಳಗೇ ಇದೆ, ‘ಈಸ್ ಐಡೆಂಟಿಫೈಯರ್’ ಅಂತ. ರಾರಾವಿ ಎಂದು ಕೊಟ್ಟೆವು. ‘ಟ್ರೂ’ ಎಂದು ಬಂತು. ಸರಿ, ಹಾಗೇ ಬಳಸಿ ನೋಡೋಣ ಎಂದು ‘ರಾರಾವಿ = 40’ ಅಂತ ಬರೆದು, ಮುಂದಿನ ಸಾಲಿನಲ್ಲಿ ರಾರಾವಿಯನ್ನು ಮುದ್ರಿಸು ಅಂದೆವು. 40 ಎಂದು ಮುದ್ರಿಸಿತು. ಒಂದು ತಕರಾರೂ ಇಲ್ಲ.

ಅಂದರೆ ತಪ್ಪು ಹುಡುಗಿಯದಲ್ಲ, ಪೈಥಾನ್‌ನದೂ ಅಲ್ಲ. ತಪ್ಪು ಆ ಕೆಂಪು ಸಾಲಿನದು. ಅವಳು ಕಲಿಯುವ ಜಾಗದ ಹೆಸರಾಗಲಿ, ಗೆರೆ ಎಳೆದವರ ಹೆಸರಾಗಲಿ ನಾವು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಅದೇ ಸಾಲು ಕೈಯಿಂದ ಕೈಗೆ, ಜೆರಾಕ್ಸಿನಿಂದ ಜೆರಾಕ್ಸಿಗೆ ದಾಟಿ ಬಂದ ನೋಟ್ಸಿನಲ್ಲಿ ನಮ್ಮ ಕಣ್ಣಿಗೂ ಬಿದ್ದಿದೆ. ಆ ಸಾಲಿನ ಮೇಲೆ ನಮಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇವೆ.

ಮೊದಲು ವೇರಿಯಬಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ. ಅಡಿಗೆಮನೆಯ ಡಬ್ಬಿ ಇದ್ದಂತೆ. ಒಳಗೆ ಏನೋ ಇಡುತ್ತೀರಿ, ಹೊರಗೆ ಒಂದು ಹೆಸರು. ಪ್ರೋಗ್ರಾಂನಲ್ಲಿ ಭತ್ತದ ಚೀಲ ಎಷ್ಟು, ಬೆಲೆ ಎಷ್ಟು ಎಂಬ ಅಂಕಿಗಳನ್ನು ಇಂಥ ಡಬ್ಬಿಗಳಲ್ಲಿ ಇಟ್ಟು, ಆ ಹೆಸರು ಹಿಡಿದು ಲೆಕ್ಕ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಬೋರ್ನ್‌ವಿಟಾ ಡಬ್ಬಿಯಲ್ಲಿ ಜೀರಿಗೆ ಇರುತ್ತದೆ. ಅಮ್ಮನಿಗೆ ಏನೂ ತೊಂದರೆಯಿಲ್ಲ, ಅವಳಿಗೆ ಗೊತ್ತು. ಹೊಸದಾಗಿ ಬಂದ ಸೊಸೆ ಒಗ್ಗರಣೆ ಹೊತ್ತಿನಲ್ಲಿ ಹತ್ತು ಡಬ್ಬಿ ತೆಗೆದು ಮುಚ್ಚುತ್ತಾಳೆ. ಕಂಪ್ಯೂಟರ್ ಅಮ್ಮನ ಜಾಗದಲ್ಲಿದೆ, ಅದಕ್ಕೆ ಯಾವ ಹೆಸರಾದರೂ ನಡೆಯುತ್ತದೆ. ಪ್ರೋಗ್ರಾಂ ಕಲಿಯುತ್ತಿರುವ ಮಕ್ಕಳು ಸೊಸೆಯ ಜಾಗದಲ್ಲಿದ್ದಾರೆ.

ಇನ್ನು ಸಿಂಧು ಅನ್ನುವ ಪದ. ಜಾತಿ ಸಿಂಧುತ್ವ ಪ್ರಮಾಣಪತ್ರಕ್ಕೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರಿಗೂ ಅಂಥ ಸಿಂಧುತ್ವ ಬೇಕು. ಪೈಥಾನ್‌ನ ನಿಯಮ ಸಣ್ಣದು. ಮೊದಲನೆಯದು ಅಕ್ಷರವಾಗಿರಬೇಕು, ಇಲ್ಲವೇ ಅಡಿಗೆರೆ. ಅಂಕಿಯಿಂದ ಶುರುವಾಗಬಾರದು. ನಡುವೆ ಜಾಗ ಬಿಡಬಾರದು. ಭಾಷೆ ತನಗೆಂದು ಕಾದಿಟ್ಟುಕೊಂಡ ಮೂವತ್ತೈದು ಪದಗಳಲ್ಲಿ ಒಂದಾಗಿರಬಾರದು. ಮುಗಿಯಿತು. ಈ ನಿಯಮದಲ್ಲಿ ಇಂಗ್ಲಿಷ್ ಎಂಬ ಮಾತು ಎಲ್ಲಿದೆ?

ಒಂದು ಕಾಲಕ್ಕೆ ಇತ್ತು, ಅದು ನಿಜ. 1964ರಲ್ಲಿ ಬಂದ ಬೇಸಿಕ್ ಭಾಷೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಬೇಕಾದರೆ ಅದರ ಮುಂದೆ ಒಂದು ಅಂಕಿ, ಅಷ್ಟೇ ಹೆಸರು. ಲೆಕ್ಕ ಹಾಕಿದರೆ ಒಟ್ಟು 286 ಹೆಸರು ಸಾಧ್ಯ. ಅದಕ್ಕೂ ಮುಂಚಿನ, 1957ರ ಫೋರ್ಟ್ರಾನ್‌ನಲ್ಲಿ ಹೆಸರಿಗೆ ಆರು ಅಕ್ಷರದ ಮಿತಿ. ಅಲ್ಲಿ ‘ಐ’ಯಿಂದ ‘ಎನ್’ವರೆಗಿನ ಅಕ್ಷರದಲ್ಲಿ ಶುರುವಾದ ಹೆಸರು ತಾನಾಗಿಯೇ ಪೂರ್ಣಾಂಕ ಅಂತ ಲೆಕ್ಕ. ಇವತ್ತಿಗೂ ನಮ್ಮ ಲ್ಯಾಬುಗಳಲ್ಲಿ ಎಣಿಕೆಗೆ ‘ಐ’, ‘ಜೆ’ ಅಂತಲೇ ಬರೆಸುತ್ತಾರಲ್ಲ, ಅದರ ಬೇರು ಗಣಿತದ ಹಳೇ ರೂಢಿಯಲ್ಲೂ ಈ ಫೋರ್ಟ್ರಾನ್‌ನಲ್ಲೂ ಇದೆ. ಕಲಿಸುವವರಿಗೆ ಕಾರಣ ಮರೆತುಹೋಗಿ ಅಕ್ಷರ ಮಾತ್ರ ಉಳಿದಿದೆ. ಆಮೇಲೆ ಬಂದದ್ದು ನೀಲಿ ಪರದೆಯ ಟರ್ಬೊ ಸಿ. ನಮ್ಮ ಮೇಷ್ಟ್ರುಗಳಲ್ಲಿ ಬಹಳ ಮಂದಿ ಕಲಿತದ್ದು ಅದರಲ್ಲೇ. ಅದರಲ್ಲಿ ಕನ್ನಡದ ಹೆಸರಿಗೆ ಜಾಗವಿರಲಿಲ್ಲ. ಅವರು ಕಲಿತ ಕಾಲಕ್ಕೆ ಆ ಕೆಂಪು ಸಾಲು ಸರಿಯಾಗಿಯೇ ಇತ್ತು.

ಆದರೆ ಕಾಲ ನಿಂತಿಲ್ಲ. ಪೈಥಾನ್‌ನ ಮೂರನೇ ಆವೃತ್ತಿ 2008ರ ಡಿಸೆಂಬರಿನಲ್ಲಿ ಹೊರಬಂತು. ಯಾವ ಲಿಪಿಯ ಅಕ್ಷರದಲ್ಲಾದರೂ ಹೆಸರಿಡಬಹುದು ಎಂಬ ನಿಯಮ ಅದರಲ್ಲೇ ಇತ್ತು. ಜಾವಾ, ಜಾವಾಸ್ಕ್ರಿಪ್ಟ್ ಕೂಡ ಬಹಳ ವರ್ಷಗಳಿಂದ ಒಪ್ಪುತ್ತವೆ. ಸಿ ಭಾಷೆಗೆ ಎಲ್ಲರೂ ಬಳಸುವ ಜಿಸಿಸಿ ಕೂಡ 2020ರ ಹತ್ತನೇ ಆವೃತ್ತಿಯಿಂದ ಒಪ್ಪುತ್ತದೆ. ಅಂದರೆ ಇವತ್ತು ಲ್ಯಾಬಿನಲ್ಲಿ ಕೂತ ಮಕ್ಕಳು ಇನ್ನೂ ಅಂಗನವಾಡಿಗೆ ಹೋಗುವ ಮುಂಚೆಯೇ ಈ ಬಾಗಿಲು ತೆಗೆದಾಗಿತ್ತು. ಬೀಗವಿಲ್ಲದ ಬಾಗಿಲ ಮುಂದೆ ನಿಂತು, ಒಳಗೆ ಹೋಗುವ ಹಾಗಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೇವೆ.

“ಕಂಪ್ಯೂಟರಿಗೆ ಕನ್ನಡ ಬರಲ್ಲ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಿಜ, ಬರಲ್ಲ. ಇಂಗ್ಲಿಷೂ ಬರಲ್ಲ. ಅದಕ್ಕೆ ಬರುವುದು ಅಂಕಿ ಮಾತ್ರ. ‘ರ’ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ 3248. ದೀರ್ಘದ ಇಳಿಗೆ 3262. ‘ವ’ಗೆ 3253, ಗುಡಿಸಿಗೆ 3263. ರಾರಾವಿ ಅಂದರೆ ಅದರ ಪಾಲಿಗೆ ಆರು ಸಂಖ್ಯೆಗಳ ಸಾಲು. ಇಂಗ್ಲಿಷಿನ ಸಣ್ಣ ‘ಆರ್’ ಅಂದರೆ 114. ಎರಡರಲ್ಲಿ ಒಂದು ಹತ್ತಿರದ ಬಂಧು, ಇನ್ನೊಂದು ದೂರದ್ದು ಎಂಬ ಭೇದ ಅದಕ್ಕಿಲ್ಲ. ಭೇದ ಇರುವುದು ನಮ್ಮ ತಲೆಯಲ್ಲಿ.

ಬೇಕಿದ್ದರೆ ಅವಳ ಪ್ರೋಗ್ರಾಂ ಎತ್ತಿಕೊಂಡು ಇಂಗ್ಲಿಷ್ ಅಕ್ಷರಗಳ ಬದಲು ಕನ್ನಡದ ಅಕ್ಷರ, ಕಾಗುಣಿತ ಗುರುತುಗಳನ್ನು ತುಂಬಿ ಓಡಿಸಿ. ಮೊದಲನೆಯದು ಅಕ್ಷರವಾಗಿರಲಿ ಎಂಬ ಒಂದು ಎಚ್ಚರ ಸಾಕು. ಯಾವ ಊರಿನ ಬಾಯಿಗೂ ಒಗ್ಗದ ‘ಠಙಢೌಞ’ ಥರದ್ದೇನೋ ಬರುತ್ತದೆ. ಪೈಥಾನ್ ಅದಕ್ಕೂ ಸರಿ ಅನ್ನುತ್ತದೆ. ಸಿಂಧು ಅನ್ನುವುದಕ್ಕೂ ಅರ್ಥ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನೇ ಇಟ್ಟುಕೊಂಡು ಎಂಟು ಅಕ್ಷರದ ಹೆಸರು ಮಾಡುತ್ತಾ ಹೋದರೆ 208 ಲಕ್ಷ ಕೋಟಿಗೂ ಹೆಚ್ಚು ಬರುತ್ತವೆ. ಬಹುಪಾಲು ಕಸ. ಎಲ್ಲ ಸಿಂಧು.

ಹಾಗಾದರೆ ಇಂಥ ಅಡ್ಡಾದಿಡ್ಡಿ ಹೆಸರು ಹುಟ್ಟಿಸುವ ಕೆಲಸ ಯಾರಿಗೆ ಬೇಕು? ಬೇಕಾದವರಿದ್ದಾರೆ. ಭಾಷೆಯನ್ನು ಕಟ್ಟುವವರು ಅದು ಎಲ್ಲಿ ಮುಗ್ಗರಿಸುತ್ತದೆ ನೋಡಲು ಲಕ್ಷಗಟ್ಟಲೆ ವಿಚಿತ್ರ ಪ್ರೋಗ್ರಾಂಗಳನ್ನು ಕಂಪ್ಯೂಟರಿನಿಂದಲೇ ಬರೆಸಿ ಓಡಿಸುತ್ತಾರೆ. ವೆಬ್‌ಸೈಟ್ ಮಾಡುವವರು ಪುಟ ಬೇಗ ತೆರೆಯಲಿ ಅಂತ ಉದ್ದ ಹೆಸರುಗಳನ್ನು ಒಂದಕ್ಷರಕ್ಕೆ ಕತ್ತರಿಸುತ್ತಾರೆ. ಮೂರನೆಯವರು, ತಮ್ಮ ಪ್ರೋಗ್ರಾಂ ಬೇರೆಯವರಿಗೆ ತಿಳಿಯಬಾರದು, ಕದಿಯಲಾಗಬಾರದು ಅಂತ ಒಳ್ಳೆಯ ಹೆಸರುಗಳನ್ನೆಲ್ಲ ಅಳಿಸಿ ಆ ಜಾಗಕ್ಕೆ ಕಸದ ಹೆಸರು ತುಂಬುತ್ತಾರೆ. ಇದಕ್ಕೆಂದೇ ಸಾಧನಗಳಿವೆ.

ಇಲ್ಲಿ ಸ್ವಲ್ಪ ನಿಲ್ಲಿ. ಬಲ್ಲವರು ಅರ್ಥವಿಲ್ಲದ ಹೆಸರಿಡುವುದು ಓದುವವರಿಗೆ ತಿಳಿಯದಿರಲಿ ಎಂದು. ನಮ್ಮ ಮಕ್ಕಳಿಗೆ ಮೊದಲ ಪಾಠದಲ್ಲೇ ‘ಎ’, ‘ಬಿ’, ‘ಎಕ್ಸ್’, ‘ವೈ’ ಅಂತ ಬರೆಸುವುದು ಏತಕ್ಕೆ?

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿಗೆ ತಕ್ಷಣ ಇಂಗ್ಲಿಷಿನಲ್ಲಿ ಹೆಸರು ಹುಡುಕು ಅಂದರೆ ಅವಳಿಗೆ ಹೊಳೆಯುವುದು ಎ, ಬಿ, ಸಿ. ಅವಳ ತಲೆ ಖಾಲಿ ಅಂತ ಅಲ್ಲ. ಬಾಗಿಲಲ್ಲೇ ಅವಳ ಮಾತನ್ನು ಕಿತ್ತಿಟ್ಟುಕೊಂಡು ಒಳಗೆ ಬಿಟ್ಟಿದ್ದಾರೆ. ಮುಂದೆ ಆಗುವುದು ನಿಮಗೆಲ್ಲ ಗೊತ್ತಿರುವುದೇ. ಪ್ರೋಗ್ರಾಂ ಬಾಯಿಪಾಠ. ಪರೀಕ್ಷೆಯಲ್ಲಿ ಅದೇ ಹನ್ನೆರಡು ಪ್ರೋಗ್ರಾಂ ಇಳಿಸುವುದು. ಒಂದು ಸಾಲು ಮರೆತರೆ ಎಲ್ಲ ಹೋಯಿತು.

ನಾವು ಒಂದು ಸಣ್ಣ ಪ್ರಯೋಗ ಮಾಡಿದೆವು. ಹುಡುಗಿಯ ಲ್ಯಾಬಿನಲ್ಲಿ ಬರೆಸಿದ ರೀತಿಯಲ್ಲೇ ಭತ್ತ ಮಾರಿದ ಲೆಕ್ಕ ಬರೆಯಿಸಿದೆವು. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು, ಈ ವಾರದ ದರ ಅಂತ ತಿಳಿಯಬೇಡಿ. ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ:

ಎ = 40
ಬಿ = 1500
ಸಿ = 20
ಡಿ = ಬಿ * (ಎ - ಸಿ)

ಓಡಿಸಿದರೆ 30,000 ಅಂತ ಬಂತು. ಕಂಪ್ಯೂಟರ್ ತಪ್ಪು ತೋರಿಸಲಿಲ್ಲ. ಹುಡುಗಿಗೂ ತಪ್ಪು ಕಾಣಲಿಲ್ಲ. ಉತ್ತರ ಬಂತಲ್ಲ, ಸರಿ ಇರಬೇಕು ಅಂದಳು. ಅದನ್ನೇ ಕನ್ನಡದ ಹೆಸರು ಹಾಕಿ ಬರೆದೆವು, ತಪ್ಪನ್ನು ಹಾಗೇ ಬಿಟ್ಟು:

ಚೀಲ = 40
ಬೆಲೆ = 1500
ಹಮಾಲಿ = 20
ಕೈಗೆ_ಬಂದದ್ದು = ಬೆಲೆ * (ಚೀಲ - ಹಮಾಲಿ)

ಇದನ್ನು ಅವರಪ್ಪನಿಗೆ ತೋರಿಸಿದೆವು. ಏಳನೇ ತರಗತಿ ಓದಿದವರು, ಕಂಪ್ಯೂಟರ್ ಮುಟ್ಟಿದವರಲ್ಲ. ನಕ್ಷತ್ರದ ಗುರುತು ಅಂದರೆ ಗುಣಿಸುವುದು ಅಂತ ಮಾತ್ರ ಹೇಳಿಕೊಟ್ಟೆವು. ಮೊಬೈಲನ್ನು ದೂರ ಹಿಡಿದು, ಕಣ್ಣು ಸಣ್ಣ ಮಾಡಿ ಓದಿದರು. ಅರ್ಧ ನಿಮಿಷವೂ ಆಗಿರಲಿಲ್ಲ.

“ಇದೇನ್ರೀ ಇದು, ಚೀಲದಾಗ ಹಮಾಲಿ ಹೆಂಗ ಕಳಿತೀರಿ? ಚೀಲ ಬ್ಯಾರೆ, ರೊಕ್ಕ ಬ್ಯಾರೆ. ಹಮಾಲಿ ಬೆಲೆಯಾಗ ಕಳಿಬೇಕು.”

ಕಳೆದೆವು. ಚೀಲ * (ಬೆಲೆ - ಹಮಾಲಿ). 59,200 ಬಂತು. ನಡುವಿನ 29,200 ರೂಪಾಯಿ ಎ, ಬಿ, ಸಿ ಎಂಬ ಮೂರು ಅಕ್ಷರಗಳ ಸಂದಿಯಲ್ಲಿ ಮಾಯವಾಗಿತ್ತು. ಅದನ್ನು ಹಿಡಿದದ್ದು ಕಂಪ್ಯೂಟರ್ ಅಲ್ಲ, ಕಂಪ್ಯೂಟರ್ ಕಲಿತವರೂ ಅಲ್ಲ, ಭತ್ತ ಬೆಳೆದವರು. ಹುಡುಗಿ ಅಪ್ಪನ ಮುಖ ನೋಡಿದಳು. ತನ್ನ ಓದಿನ ಒಂದು ಸಾಲನ್ನು ಅಪ್ಪ ತಿದ್ದಬಹುದು ಅಂತ ಅವಳಿಗೆ ಅಲ್ಲಿವರೆಗೆ ಅನ್ನಿಸಿಯೇ ಇರಲಿಲ್ಲವಂತೆ.

ಇದನ್ನು ಓದಿ ಯಾರಾದರೂ, ಗುರುತಿಗೆ ಏನಿದ್ದರೇನು, ರೂಢಿಯಾದರೆ ಜನ ಕಲಿಯುತ್ತಾರೆ ಅನ್ನಬಹುದು. ಪಹಣಿಯ ಉದಾಹರಣೆಯನ್ನೇ ಕೊಡಬಹುದು. ಒಂಬತ್ತನೇ ಕಾಲಂ ಅಂದರೆ ಮಾಲೀಕರ ಹೆಸರು, ಹನ್ನೊಂದರಲ್ಲಿ ಬೋಜಾ, ಹನ್ನೆರಡು ಸಾಗುವಳಿ ಎಂದು ಸಹಿ ಹಾಕಲು ಬಾರದವರೂ ಹೇಳುತ್ತಾರೆ. ಹೌದು, ಹೇಳುತ್ತಾರೆ. ಆದರೆ ಹೇಗೆ ಕಲಿತರು? ಪಹಣಿಯಲ್ಲಿ ಕಾಲಂ ನಂಬರಿನ ಜತೆಗೆ ಅದೇನೆಂದು ಕನ್ನಡದಲ್ಲೇ ಬರೆದಿದೆ, ಓದಿ ಹೇಳಲು ಒಬ್ಬರು ಸಿಗುತ್ತಾರೆ. ಮೇಲಾಗಿ ಹನ್ನೊಂದನೇ ಕಾಲಂ ಗೊತ್ತಿಲ್ಲದಿದ್ದರೆ ಹೊಲ ಕೈಬಿಡುತ್ತದೆ. ಎ, ಬಿ, ಸಿ ಮೇಲೆ ಅಂಥ ತಲೆಬರಹವನ್ನು ಯಾರೂ ಬರೆದಿಲ್ಲ.

ಈಗ ನಮ್ಮ ವಾದಕ್ಕೆ ಎದುರು ನಿಲ್ಲುವ ಸಂಗತಿಗಳನ್ನೂ ಹೇಳಿಬಿಡುತ್ತೇವೆ. ಮುಚ್ಚಿಟ್ಟರೆ ನಾಳೆ ಯಾವುದೋ ಲ್ಯಾಬಿನಲ್ಲಿ ಮಕ್ಕಳು ಪೇಚಿಗೆ ಸಿಕ್ಕುತ್ತಾರೆ.

ಮೊದಲನೆಯದು ಸೊನ್ನೆಯ ಮೋಸ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಅಂಕಿ ಸೊನ್ನೆ ಪರದೆಯ ಮೇಲೆ ಅವಳಿ ಮಕ್ಕಳಂತೆ ಕಾಣುತ್ತವೆ. ‘ಅಂಗಳ’ ಎಂದು ಸರಿಯಾಗಿ ಒಂದು ಕಡೆ ಬರೆದು, ಇನ್ನೊಂದು ಕಡೆ ಸೊನ್ನೆ ಒತ್ತಿ ‘ಅ೦ಗಳ’ ಎಂದು ಬರೆದರೆ ಪೈಥಾನ್‌ಗೆ ಅವು ಎರಡು ಬೇರೆ ಡಬ್ಬಿ. ಎರಡನೆಯದು ಯಾರೆಂದು ಗೊತ್ತಿಲ್ಲ ಎಂದು ನಿಂತುಬಿಡುತ್ತದೆ. ತಾಸುಗಟ್ಟಲೆ ನೋಡಿದರೂ ಕಣ್ಣಿಗೆ ಸಿಗುವುದಿಲ್ಲ.

ಇದಕ್ಕೆ ಅಂಟಿಕೊಂಡದ್ದೇ ಇನ್ನೊಂದು, ನಮ್ಮ ಸೀಮೆಗೆ ವಿಶೇಷವಾದದ್ದು. ಹಗರಿ ಸೇತುವೆ ದಾಟಿ ಆದೋನಿ ಕಡೆ ಹೋದರೆ ಬೋರ್ಡುಗಳೆಲ್ಲ ತೆಲುಗು. ಇಲ್ಲಿ ಎರಡೂ ಓದುವವರು ಮನೆಮನೆಗೆ ಇದ್ದಾರೆ. ಕನ್ನಡದ ‘ರ’ವೂ ತೆಲುಗಿನ ‘ರ’ವೂ ನೋಡಲು ಒಂದೇ. ಕಂಪ್ಯೂಟರಿನಲ್ಲಿ ಒಂದು 3248, ಇನ್ನೊಂದು 3120. ಮೊಬೈಲಿನಲ್ಲಿ ಎರಡೂ ಕೀಬೋರ್ಡ್ ಇಟ್ಟುಕೊಂಡವರು ಮರೆತು ಒಂದಕ್ಷರ ಆಚೆಯದು ಒತ್ತಿದರೆ ಮುಗಿಯಿತು. ಆದರೆ ಇಂಗ್ಲಿಷಿನಲ್ಲಿ ಈ ಕಾಟ ಇಲ್ಲವೇ? ಸಣ್ಣ ‘ಎಲ್’ ಮತ್ತು ಒಂದು, ದೊಡ್ಡ ‘ಓ’ ಮತ್ತು ಸೊನ್ನೆ, ಇವು ಎಷ್ಟು ಮಂದಿಯ ರಾತ್ರಿ ನಿದ್ದೆ ಕೆಡಿಸಿಲ್ಲ? ಅದಕ್ಕಾಗಿ ಯಾರೂ ಇಂಗ್ಲಿಷನ್ನೇ ಅಸಿಂಧು ಮಾಡಲಿಲ್ಲ. ಎಚ್ಚರವಿರಲಿ ಅಂದರು, ಅಷ್ಟೇ.

‘ಬ್ಯಾಂಕ್‌ಸಾಲ’ ಎಂದು ಒಂದೇ ಪದವಾಗಿ ಬರೆಯಲು ‘ಕ್’ ಮತ್ತು ‘ಸಾ’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ, ಇಲ್ಲದಿದ್ದರೆ ಒತ್ತಕ್ಷರವಾಗಿಬಿಡುತ್ತದೆ. ಆ ಗುರುತನ್ನು ಜಾವಾಸ್ಕ್ರಿಪ್ಟ್ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. ನಡುವೆ ಅಡಿಗೆರೆ ಹಾಕಿ ‘ಬ್ಯಾಂಕ್_ಸಾಲ’ ಅಂದರೆ ನಡೆಯುತ್ತದೆ. ಹಾಗೆಯೇ 40 ಎಂಬುದನ್ನು ಪ್ರೋಗ್ರಾಂನೊಳಗೆ ಕನ್ನಡ ಅಂಕಿಯಲ್ಲಿ ಬರೆದರೂ ತಕರಾರು ತೆಗೆಯುತ್ತದೆ. ಬಳಸುವವರು ಹೊರಗಿನಿಂದ ‘೪೦’ ಎಂದು ತುಂಬಿದರೆ ಮಾತ್ರ ಅದನ್ನು ನಲವತ್ತಾಗಿ ಬದಲಿಸಿಕೊಳ್ಳಬಲ್ಲದು. ಒಂದು ಬಾಗಿಲು ತೆಗೆದು ಇನ್ನೊಂದು ಮುಚ್ಚಿದ ಈ ಲೆಕ್ಕ ನಮಗೆ ಅಷ್ಟಾಗಿ ಹಿಡಿಸಿಲ್ಲ, ಇರಲಿ.

ನಿಜವಾಗಿ ಜಗಳ ಆಡಬೇಕಾದ್ದು ಗೋ ಭಾಷೆಯ ಜತೆ. ಗೂಗಲ್ 2009ರಲ್ಲಿ ಹೊರತಂದ ಭಾಷೆ. ಎಲ್ಲ ಲಿಪಿಗೂ ಸ್ವಾಗತ ಎಂದೇ ಅದರ ನಿಯಮ ಶುರುವಾಗುತ್ತದೆ: ಅಕ್ಷರವಾಗಿರಬೇಕು, ಇಲ್ಲವೇ ಅಂಕಿಯಾಗಿರಬೇಕು. ಕೇಳಲು ಚೆನ್ನಾಗಿದೆ. ಆದರೆ ಅಕ್ಷರಕ್ಕೆ ಅಂಟುವ ಗುರುತುಗಳಿಗೆ ಜಾಗವಿಲ್ಲ. ನಮ್ಮ ಕಾಗುಣಿತ ಪೂರ್ತಿ ಅಂಟುವ ಗುರುತೇ ಅಲ್ಲವೇ? ಹಾಗಾಗಿ ಬಸವ ಸಿಂಧು, ಕನಕ ಸಿಂಧು, ಕಮಲ ಸಿಂಧು. ಅಕ್ಕ? ಅಸಿಂಧು, ಒತ್ತು ಬಂತು. ಅಪ್ಪ, ಅಮ್ಮ, ಅಣ್ಣ, ಎಲ್ಲರೂ ಹೊರಗೆ. ರಾರಾವಿ ಒಳಗೆ ಬರಬೇಕಾದರೆ ಇಳಿ, ಗುಡಿಸು ಎಲ್ಲ ಕಳಚಿಟ್ಟು ‘ರರವ’ ಆಗಿ ಬರಬೇಕು.

ಮೇಲೆ ಹೇಳಿದ ಅಂಗಳಕ್ಕೆ ಇಲ್ಲಿ ಇನ್ನೊಂದು ಗತಿ. ಅನುಸ್ವಾರ ಹಾಕಿ ಸರಿಯಾಗಿ ಬರೆದ ‘ಅಂಗಳ’ವನ್ನು ಗೋ ತಿರಸ್ಕರಿಸುತ್ತದೆ. ಸೊನ್ನೆ ಒತ್ತಿ ತಪ್ಪಾಗಿ ಬರೆದ ‘ಅ೦ಗಳ’ವನ್ನು, ಸೊನ್ನೆ ಅಂಕಿಯಲ್ಲವೇ ಎಂದು, ಒಳಗೆ ಬಿಟ್ಟುಕೊಳ್ಳುತ್ತದೆ. ಒಂದನೇ ತರಗತಿಯ ಅಕ್ಕೋರು ಕಿವಿ ಹಿಂಡುವ ತಪ್ಪಿಗೆ ಗೂಗಲ್‌ನ ಭಾಷೆಯಲ್ಲಿ ಪಾಸು! ಇದು ಗೊತ್ತಿಲ್ಲದೆ ಆದದ್ದೂ ಅಲ್ಲ. ಅಂಟುವ ಗುರುತುಗಳನ್ನು ಬೇಕೆಂದೇ ಹೊರಗಿಟ್ಟಿದ್ದೇವೆ, ಇದರಿಂದ ದೇವನಾಗರಿಯಂಥವು ಹೊರಗುಳಿಯುತ್ತವೆ ಎಂದು ಅದನ್ನು ಕಟ್ಟಿದವರೇ ತಮ್ಮ ಪ್ರಶ್ನೋತ್ತರ ಪುಟದಲ್ಲಿ ಬರೆದಿಟ್ಟಿದ್ದಾರೆ. ಇನ್ನೊಂದು ಷರತ್ತೂ ಇದೆ: ಒಂದು ಹೆಸರು ಬೇರೆ ಪ್ರೋಗ್ರಾಂಗಳಿಗೂ ಕಾಣಬೇಕಾದರೆ ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಮೇಲು ಕೀಳೇ ಇಲ್ಲ. ಅದಕ್ಕೆ ಮುಂದೆ ಒಂದು ಇಂಗ್ಲಿಷ್ ‘ಎಕ್ಸ್’ ಹಚ್ಚಿಕೊಳ್ಳಿ ಎಂಬುದು ಅವರ ಸಲಹೆ.

ಅಂದರೆ ಕೆಂಪು ಸಾಲು ಗೋ ವಿಷಯದಲ್ಲಿ ಸರಿಯಾಗುತ್ತಿತ್ತೇ? ಅಲ್ಲೂ ಪೂರ್ತಿ ಸರಿಯಲ್ಲ. ಅದೇನೇ ಇರಲಿ, ನಮ್ಮ ಹುಡುಗಿ ಕಲಿಯುತ್ತಿರುವುದು ಪೈಥಾನ್.

ಕೆಲಸದ ಮಾತು. “ಕನ್ನಡದಲ್ಲಿ ಹೆಸರಿಟ್ಟರೆ ಬೆಂಗಳೂರಿನಲ್ಲಿ ಯಾರು ಕೆಲಸ ಕೊಡ್ತಾರೆ?” ಕಂಪನಿಯಲ್ಲಿ ಹತ್ತು ದೇಶದವರ ಜತೆ ಕೂತಾಗ ಇಂಗ್ಲಿಷಿನಲ್ಲೇ ಹೆಸರಿಡಲಿ, ಬೇಡ ಅಂದವರು ಯಾರು? ಪೈಥಾನ್‌ನವರ ಶೈಲಿ ಕೈಪಿಡಿಯೇ ವಿವರಣೆಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅನ್ನುತ್ತದೆ. ಜತೆಗೇ ಒಂದು ವಿನಾಯಿತಿಯನ್ನೂ ಕೊಡುತ್ತದೆ: ನಿಮ್ಮ ಭಾಷೆ ಬಾರದವರು ಇದನ್ನು ಎಂದೂ ಓದುವುದಿಲ್ಲ ಎಂದು 120 ಪ್ರತಿಶತ ಖಾತ್ರಿ ಇದ್ದರೆ ಬೇಡ. ಲ್ಯಾಬ್ ರೆಕಾರ್ಡನ್ನು ಓದುವವರು ಮೇಷ್ಟ್ರು, ಪರೀಕ್ಷಕರು, ಆಮೇಲೆ ಹಳೇ ಪೇಪರಿನವರು. ನಮಗೆ 200 ಪ್ರತಿಶತ ಖಾತ್ರಿಯಿದೆ. ಇನ್ನು ರಷ್ಯಾ ದೇಶದಲ್ಲಿ ವ್ಯಾಪಾರದ ಲೆಕ್ಕಪತ್ರಕ್ಕೆ ಭಾರಿ ಬಳಕೆಯಲ್ಲಿರುವ ‘1ಸಿ’ ಎಂಬ ವ್ಯವಸ್ಥೆಯಲ್ಲಿ ಹೆಸರುಗಳಷ್ಟೇ ಅಲ್ಲ, ಭಾಷೆಯ ಮೂಲ ಪದಗಳನ್ನೂ ರಷ್ಯನ್ನಿನಲ್ಲಿ ಬರೆಯುತ್ತಾರೆ. ಅವರು ಅದರಲ್ಲೇ ಸಂಬಳ ಎಣಿಸುತ್ತಿದ್ದಾರೆ. ನಾವು ಅಷ್ಟು ದೂರವೂ ಹೋಗಿಲ್ಲ. ಆ ಮೂವತ್ತೈದು ಪದ, ಜತೆಗೆ ಮುದ್ರಿಸು, ಓದಿಕೋ ಎಂಬಂಥ ಕೆಲವು ಆಜ್ಞೆ ಇಂಗ್ಲಿಷಿನಲ್ಲೇ ಇರಲಿ, ಕಲಿಯುತ್ತಾರೆ. ಡಬ್ಬಿಯ ಹೆಸರು ಮಾತ್ರ ಅವರಿಗೆ ಬಿಡಿ.

ಕನ್ನಡದ್ದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರಾಗದೇ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಆಗಬಹುದು, ಎ, ಬಿ, ಸಿಗಿಂತ ಸಾವಿರ ಪಾಲು ವಾಸಿ. ಆದರೆ ಕಳೆ ತೆಗೆಸಿದ ಲೆಕ್ಕ ಬರೆಯುವಾಗ ‘ಕಳೆ’ ಯಾವುದು, ‘ಕಲೆ’ ಯಾವುದು ಎಂದು ಇಂಗ್ಲಿಷ್ ಅಕ್ಷರ ಹೇಳುವುದಿಲ್ಲ.

ಟೈಪಿಂಗ್ ಕಷ್ಟ ಅನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ವಾಟ್ಸ್ಆಪ್‌ನಲ್ಲಿ ದಿನಕ್ಕೆ ಮುನ್ನೂರು ಸಾಲು ಕನ್ನಡ ಒತ್ತುವ ಮಕ್ಕಳು ಇವರು. ಲ್ಯಾಬಿನ ಕಂಪ್ಯೂಟರಿನಲ್ಲೂ ಕನ್ನಡ ಕೀಲಿಮಣೆ ಹಾಕಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಇವೆಲ್ಲ ಬಂದು ದಶಕಗಳಾದವು. ಒಂದೇ ಎಚ್ಚರಿಕೆ: ನುಡಿಯಲ್ಲಿ ಒತ್ತುವಾಗ ಯೂನಿಕೋಡ್ ಆಯ್ಕೆ ಇರಲಿ. ಹಳೇ ಬಗೆಯಲ್ಲಿ ಒತ್ತಿದರೆ ಪರದೆ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಚಿಹ್ನೆಗಳು, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತದೆ ಅಷ್ಟೇ. ಫಾಂಟ್ ಇಲ್ಲದ ಕಡೆ ಕಚೇರಿ ಕಾಗದ ತೆರೆದು ಬರೀ ಗೀಚು ಕಂಡವರಿಗೆ ಇದರ ಅನುಭವ ಇದೆ.

ಇಷ್ಟೆಲ್ಲ ಒಂದು ಕೆಂಪು ಗೆರೆಗೆ ಬೇಕಿತ್ತೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಕಡೆ ಬೆರಳು ತೋರಿಸುತ್ತೇವೆ. 1953ರ ಅಕ್ಟೋಬರ್ 1ರಂದು ಜನರ ಮಾತನ್ನು ಎದುರಿಗಿಟ್ಟುಕೊಂಡೇ ಈ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆ ತಿದ್ದಿತು. ಬಳ್ಳಾರಿ ಅದರಲ್ಲೊಂದು. ಬೋರ್ಡು, ಮೊಹರು, ಕಾಗದಪತ್ರ ಎಲ್ಲ ಬದಲಾಯಿಸುವ ಖರ್ಚನ್ನು ಹೆಸರಿನ ಮಾನಕ್ಕಾಗಿ ಒಪ್ಪಿಕೊಂಡೆವು. ಲ್ಯಾಬ್ ನೋಟ್ಸಿನ ಒಂದು ಸಾಲು ತಿದ್ದಲು ಅಷ್ಟು ಖರ್ಚೂ ಇಲ್ಲ. ‘ಇಂಗ್ಲಿಷ್ ಅಕ್ಷರ ಮಾತ್ರ’ ಎಂಬುದನ್ನು ಹೊಡೆದು ‘ಯಾವುದೇ ಲಿಪಿಯ ಅಕ್ಷರ’ ಎಂದು ಬರೆದರಾಯಿತು. ಪಠ್ಯ ಬರೆಯುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಉತ್ತರಕ್ಕೆ ಅಂಕ ಹಾಕುವವರು ಇದನ್ನು ಒಪ್ಪಬೇಕು. ಮಕ್ಕಳು ಕನ್ನಡದಲ್ಲಿ ಹೆಸರಿಟ್ಟರೆ ಅಂಕ ಕಡಿಯುವಂತಿಲ್ಲ ಎಂದು ಬರೆದು ಕೊಡಬೇಕು. ನಮ್ಮ ಬೇಡಿಕೆ ಇಷ್ಟೇ.

ಹುಡುಗಿ ತನ್ನ ಪ್ರೋಗ್ರಾಂ ಬದಲಿಸಿದ್ದಾಳೆ. ಈಗ ಅದು ಅಕ್ಷರಗಳನ್ನು ಕಲಸುವುದಿಲ್ಲ. ಸಿರುಗುಪ್ಪ, ತೆಕ್ಕಲಕೋಟೆ, ಹಚ್ಚೊಳ್ಳಿ, ಕರೂರು, ಸಿರಿಗೇರಿ, ರಾರಾವಿ ಅಂತ ತಾಲ್ಲೂಕಿನ ಊರುಗಳ ಪಟ್ಟಿ ಕೊಟ್ಟು, ಅದರೊಳಗಿಂದ ಚೀಟಿ ಎತ್ತಿದ ಹಾಗೆ ಹೆಸರು ತೆಗೆದು, ಪ್ರತಿಯೊಂದನ್ನೂ ಪೈಥಾನ್‌ನ ಪರೀಕ್ಷೆಗೆ ಒಡ್ಡಿ, ಮುಂದೆ ಟ್ರೂ ಅಂತ ಮುದ್ರಿಸುತ್ತದೆ. ಆ ಪುಟವನ್ನು ರೆಕಾರ್ಡಿಗೆ ಅಂಟಿಸಿ ಮತ್ತೆ ಸಹಿಗೆ ಕೊಟ್ಟಿದ್ದಾಳೆ. “ಹೊರಗಿನ ಪರೀಕ್ಷಕರು ಏನಂತಾರೋ ನೋಡೋಣಮ್ಮ” ಅಂದರಂತೆ. ಸಹಿ ಇನ್ನೂ ಬಿದ್ದಿಲ್ಲ. ನಿಮ್ಮ ಮನೆ ಮಕ್ಕಳ ನೋಟ್ಸಿನಲ್ಲೂ ಆ ಸಾಲು ಇದ್ದರೆ ಪುಟದ ಫೋಟೋ ತೆಗೆದು ನಮಗೆ ಕಳಿಸಿ. ಹೆಸರು, ಕಾಲೇಜು ಕಾಣದ ಹಾಗೆ ಬೆರಳು ಅಡ್ಡ ಇಟ್ಟು ತೆಗೆಯಿರಿ.